ಡೋವರ್‌ನಲ್ಲಿ ತಡೆದ ಗೋಲ್‌ಕೀಪರ್

1932ರ ಡಿಸೆಂಬರ್ 7ರಂದು ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದಲ್ಲಿ ಇಂಗ್ಲೆಂಡ್ ತಂಡ ಆಸ್ಟ್ರಿಯಾವನ್ನು 4–3ರಿಂದ ಸೋಲಿಸಿತು. ಗೆದ್ದವರಿಗೂ ಬೆವರಿಳಿಸಿದ ಪಂದ್ಯವದು. ಅಂದು ಆಸ್ಟ್ರಿಯಾದ ಗೋಲು ಕಾಯುತ್ತಿದ್ದವರು ರೂಡಿ ಹಿಡೆನ್. ಎರಡು ವರ್ಷ ಹಿಂದೆ, 1930ರಲ್ಲಿ, ಇದೇ ಹಿಡೆನ್ ಆರ್ಸೆನಲ್ ಕ್ಲಬ್ಬಿಗೆ ಆಡಲು ಇಂಗ್ಲೆಂಡಿಗೆ ಹೊರಟಾಗ ಡೋವರ್ ಬಂದರಿನ ಅಧಿಕಾರಿಗಳು ಅವರನ್ನು ಒಳಗೆ ಬಿಟ್ಟಿರಲಿಲ್ಲ. ಆರ್ಸೆನಲ್ಲಿನ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ವಿಯೆನ್ನಾದ ಕ್ಲಬ್ಬಿನೊಡನೆ ಮಾತುಕತೆ ಮುಗಿಸಿದ್ದರು, ಹಿಡೆನ್ ಕೂಡ ಒಪ್ಪಿದ್ದರು. ಆದರೆ ಬ್ರಿಟನ್ನಿನ ಕಾರ್ಮಿಕ ಸಚಿವಾಲಯ ವರ್ಕ್ ಪರ್ಮಿಟ್ ಕೊಡಲಿಲ್ಲ. ಅತಿಥಿಯಾಗಿ ಬಂದು ಒಂದು ಮಧ್ಯಾಹ್ನ ಆಡಿ ಹೋಗುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅದೇ ಗೋಲುಕಂಬಗಳ ನಡುವೆ ವಾರದ ಸಂಬಳಕ್ಕೆ ನಿಲ್ಲುತ್ತೇನೆಂದರೆ ಮಾತ್ರ ಬಾಗಿಲು ಮುಚ್ಚಿತ್ತು. ಹಿಡೆನ್ ಮುಂದೆ ಪ್ಯಾರಿಸ್ಸಿನ ರೇಸಿಂಗ್ ಕ್ಲಬ್ ಸೇರಿದರು. 1936ರಲ್ಲಿ ಆ ಕ್ಲಬ್ ಫ್ರಾನ್ಸಿನ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಾಗ ಅವರು ಅದರ ಗೋಲಿನಲ್ಲಿದ್ದರು.

ಹೊರದೇಶದ ಆಟಗಾರರಿಗೆ ಕೆಲಸದ ಅನುಮತಿ ನೀಡುವ ಪದ್ಧತಿಯ ಚರಿತ್ರೆಯನ್ನು ಇಂಗ್ಲೆಂಡಿನಲ್ಲಿಟ್ಟು ನೋಡುವುದಕ್ಕೆ ಕಾರಣವಿದೆ. ಸುಮಾರು ನೂರು ವರ್ಷ ಆ ದೇಶ ಈ ಪ್ರಶ್ನೆಯನ್ನು ಬಿಡದೆ ಜಗ್ಗಾಡಿದೆ, ನಿಯಮಗಳನ್ನು ಬರೆದು, ಅಳಿಸಿ, ಮತ್ತೆ ಬರೆದಿದೆ. ಆ ನಿಯಮಗಳನ್ನು ಸಾಲಾಗಿ ಇಟ್ಟು ಓದಿದಾಗ ನನಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಪರ್ಮಿಟ್ಟಿನ ಮೇಲೆ ಬೀಳುವ ಮುದ್ರೆ ಸರ್ಕಾರದ್ದು, ಅದು ಯಾರಿಗೆ ಬೀಳಬೇಕೆಂದು ಹೇಳಿದ್ದು ಬಹುಮಟ್ಟಿಗೆ ಆಟದ ಸಂಸ್ಥೆಗಳು. ಆ ಸಂಸ್ಥೆಗಳು ಹಿಡಿದ ಅಳತೆಗೋಲು ಆಟಗಾರನ ಕಾಲ್ಚಳಕಕ್ಕಿಂತ ಅವನ ಪಾಸ್‌ಪೋರ್ಟನ್ನೇ ಹೆಚ್ಚು ಅಳೆಯಿತು.

1920ರ ಏಲಿಯನ್ಸ್ ಆರ್ಡರ್ ಪ್ರಕಾರ ಪರದೇಶದವನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಧಣಿ ಮೊದಲೇ ಕಾರ್ಮಿಕ ಸಚಿವಾಲಯದ ಅನುಮತಿ ಪಡೆಯಬೇಕಿತ್ತು. ಗಿರಣಿಗೆ, ಹೋಟೆಲಿಗೆ, ವಾದ್ಯಮೇಳಕ್ಕೆ ಇದ್ದ ಕಾನೂನೇ ಫುಟ್‌ಬಾಲ್ ಕ್ಲಬ್ಬಿಗೂ ಅನ್ವಯಿಸಿತು. ಹಿಡೆನ್ ವಿಷಯದಲ್ಲಿ ಒಂದು ವಿಚಿತ್ರ ಮೈತ್ರಿ ಕಾಣಿಸಿಕೊಂಡಿತು. ಕ್ಲಬ್ ಮಾಲೀಕರ ಕೂಟವಾದ ಫುಟ್‌ಬಾಲ್ ಲೀಗ್, ಅವರ ಕೈಕೆಳಗೆ ದುಡಿಯುವವರ ಪ್ಲೇಯರ್ಸ್ ಯೂನಿಯನ್, ಉಳಿದೆಲ್ಲದರಲ್ಲೂ ಹಾವು ಮುಂಗುಸಿಯಂತಿದ್ದ ಈ ಇಬ್ಬರೂ ಒಟ್ಟಾಗಿ ವಿರೋಧಿಸಿದರು. ಪರದೇಶದವನನ್ನು ಕರೆತರುವುದು ನಮ್ಮ ಆಟಗಾರರಿಗೆ ಅವಮಾನ, ಕ್ಲಬ್ ನಡೆಸುವವರ ದೌರ್ಬಲ್ಯಕ್ಕೆ ಸಾಕ್ಷಿ ಎಂಬ ಧಾಟಿಯ ಮಾತು ಲೀಗಿನ ಹಿರಿಯರಿಂದಲೇ ಬಂತು. ಚಾಪ್‌ಮನ್ ಬೇರೆ ದಾರಿ ಹುಡುಕಿದರು. ಹಾಲೆಂಡಿನ ಗೆರಿಟ್ ಕೀಜರ್ ಎಂಬ ಗೋಲ್‌ಕೀಪರ್ ಸಂಬಳವಿಲ್ಲದ ಹವ್ಯಾಸಿಯಾಗಿ ಆರ್ಸೆನಲ್ಲಿಗೆ ಆಡಿದರು. ಕೂಲಿ ಇಲ್ಲವೆಂದ ಮೇಲೆ ಕೂಲಿಯ ಪರ್ಮಿಟ್ ಏಕೆ? 1930–31ರಲ್ಲಿ ಆರ್ಸೆನಲ್ ಮೊದಲ ಸಲ ಲೀಗ್ ಗೆದ್ದಾಗ ಕೀಜರ್ 12 ಪಂದ್ಯ ಆಡಿದ್ದರು. ಈ ಸಂದಿ ಹವ್ಯಾಸಿಗಳಿಗೆ ಮಾತ್ರ, ಸಂಬಳಕ್ಕೆ ಆಡುವವರ ಬಾಗಿಲು ಇನ್ನೂ ಬಿಗಿಯಾಯಿತು. 1931ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹೊಸ ನಿಯಮ ತಂದಿತು: ಹುಟ್ಟಿನಿಂದ ಬ್ರಿಟಿಷ್ ಪ್ರಜೆಯಲ್ಲದ ವೃತ್ತಿಪರ ಆಟಗಾರ ಎರಡು ವರ್ಷ ದೇಶದಲ್ಲಿ ವಾಸವಿದ್ದ ಮೇಲಷ್ಟೇ ಆಡಬಹುದು. ಎರಡು ವರ್ಷ ಆಡದೆ ಕೂತು ಯಾವ ಆಟಗಾರ ಹೊಟ್ಟೆ ಹೊರೆದಾನು? ನಲವತ್ತೇಳು ವರ್ಷ ಈ ಬೇಲಿ ನಿಂತಿತು.

ಇದಕ್ಕೆ ಬಲವಾದ ಸಮರ್ಥನೆಯೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1930ರ ಬ್ರಿಟನ್ನಿನಲ್ಲಿ ನೋಂದಾಯಿತ ನಿರುದ್ಯೋಗಿಗಳೇ ಇಪ್ಪತ್ತು ಲಕ್ಷ ದಾಟಿದ್ದರು. ಗಣಿ, ಗಿರಣಿಗಳು ಬಾಗಿಲು ಹಾಕುತ್ತಿದ್ದ ಊರುಗಳಲ್ಲಿ ಫುಟ್‌ಬಾಲ್ ಆಡಿ ಬದುಕುವುದೂ ಒಂದು ಉದ್ಯೋಗ. ಅದನ್ನು ಹೊರಗಿನವನಿಗೆ ಕೊಡಬೇಡಿ ಎಂದು ಯೂನಿಯನ್ ಕೇಳಿದ್ದರಲ್ಲಿ ಅನ್ಯಾಯವೇನಿತ್ತು? ಆಟಗಾರರ ಆತಂಕ ನಿಜವಾದದ್ದೇ. ಆದರೆ ಅವರ ಕೂಲಿಯನ್ನು ಕಟ್ಟಿಹಾಕಿದ್ದವರು ವಿಯೆನ್ನಾದವರಲ್ಲ. 1922ರಿಂದ ಲೀಗೇ ವಿಧಿಸಿದ್ದ ಗರಿಷ್ಠ ಸಂಬಳ ಋತುವಿನಲ್ಲಿ ವಾರಕ್ಕೆ 8 ಪೌಂಡ್, ಬೇಸಿಗೆಯ ಬಿಡುವಿನಲ್ಲಿ 6 ಪೌಂಡ್. ಒಪ್ಪಂದ ಮುಗಿದ ಮೇಲೂ ಕ್ಲಬ್ ಬಿಡುಗಡೆ ಮಾಡದೆ ಆಟಗಾರ ಬೇರೆಡೆಗೆ ಹೋಗುವಂತಿರಲಿಲ್ಲ. ಗರಿಷ್ಠ ಸಂಬಳದ ಮಿತಿ ಹೋದದ್ದು 1961ರಲ್ಲಿ, ಅದೂ ಯೂನಿಯನ್ ಮುಷ್ಕರದ ಬೆದರಿಕೆ ಹಾಕಿದ ನಂತರ. ಬೇಲಿಯೊಳಗೆ ಕಾಪಾಡಲ್ಪಟ್ಟ ದುಡಿಮೆಗಾರನ ಜೇಬಿಗೆ ಆ ಮೂವತ್ತು ವರ್ಷ ಬೇಲಿಯಿಂದ ಒಂದು ಶಿಲ್ಲಿಂಗೂ ಹೆಚ್ಚಿಗೆ ಬರಲಿಲ್ಲ.

ಇನ್ನು ‘ಹೊರಗಿನವ’ ಎಂದರೆ ಯಾರು? ಹಿಡೆನ್‌ರನ್ನು ತಡೆದ ಕಾಲದಲ್ಲೇ ಲ್ಯಾಂಕಷರ್ ಕ್ರಿಕೆಟ್ ಲೀಗಿನ ನೆಲ್ಸನ್ ಕ್ಲಬ್ಬಿನಲ್ಲಿ ಟ್ರಿನಿಡಾಡಿನ ಲಿಯರಿ ಕಾನ್‌ಸ್ಟಂಟೈನ್ ಸಂಬಳಕ್ಕೆ ಆಡುತ್ತಿದ್ದರು. 1929ರಿಂದ ಒಂಬತ್ತು ಋತು ಅಲ್ಲಿದ್ದ ಅವರು ಕ್ಲಬ್ಬಿಗೆ ಏಳು ಸಲ ಪ್ರಶಸ್ತಿ ಗೆದ್ದುಕೊಟ್ಟರು. ಅವರ ನಂತರ, 1938ರಲ್ಲಿ, ಅದೇ ನೆಲ್ಸನ್ನಿಗೆ ನಮ್ಮ ಲಾಲಾ ಅಮರನಾಥ್ ಹೋದರು. ಕೋಲ್ನ್ ಕ್ಲಬ್ಬಿಗೆ ಅಮರ್ ಸಿಂಗ್ ಬೌಲ್ ಮಾಡಿದರು. ಇವರಲ್ಲಿ ಯಾರೂ ವರ್ಕ್ ಪರ್ಮಿಟ್ ಕೇಳಬೇಕಾಗಿರಲಿಲ್ಲ, ಏಕೆಂದರೆ ಇವರೆಲ್ಲ ಸಾಮ್ರಾಜ್ಯದ ಪ್ರಜೆಗಳು. ಕಾಲುವೆಯಾಚೆಯ ವಿಯೆನ್ನಾದವ ಪರಕೀಯ, ಏಳು ಸಮುದ್ರದಾಚೆಯ ಪಂಜಾಬಿನವ ಮನೆಯವ! ಲ್ಯಾಂಕಷರಿನ ಜವಳಿ ಊರುಗಳಿಗೂ ನಿರುದ್ಯೋಗ ಅಷ್ಟೇ ತಟ್ಟಿತ್ತು. 1962ರ ಕಾಮನ್‌ವೆಲ್ತ್ ವಲಸೆ ಕಾಯ್ದೆ ಬಂದು ಆ ಹಿಂದಿನ ‘ಮನೆಯವರಿಗೂ’ ಕೆಲಸದ ವೋಚರ್ ಬೇಕೆಂದಾಗ, ಭಾರತೀಯ ಬೌಲರನ ಕೈಯಲ್ಲಿ ಏನೂ ಬದಲಾಗಿರಲಿಲ್ಲ, ಬದಲಾದದ್ದು ಭೂಪಟದ ಬಣ್ಣ.

ಬೇಲಿ ಇಂಗ್ಲಿಷ್ ಆಟವನ್ನು ಬೆಳೆಸಿತು ಎಂಬ ವಾದವೂ ಉಂಟು. 1966ರ ವಿಶ್ವಕಪ್ಪನ್ನು ಇಂಗ್ಲೆಂಡ್ ಗೆದ್ದದ್ದು ಈ ನಿಯಮದ ಕಾಲದಲ್ಲೇ, ಅದನ್ನು ಮುಚ್ಚಿಡಬಾರದು. ಆದರೆ 1950ರಲ್ಲಿ ಅಮೆರಿಕದೆದುರು ಸೋತದ್ದು, 1953ರಲ್ಲಿ ವೆಂಬ್ಲಿಯಲ್ಲಿ ಹಂಗೇರಿ 6–3ರಿಂದ ಮಣಿಸಿದ್ದು, 1974 ಮತ್ತು 1978ರ ವಿಶ್ವಕಪ್‌ಗಳಿಗೆ ಅರ್ಹತೆಯೇ ಸಿಗದಿದ್ದು, ಇವೂ ಅದೇ ಕಾಲದವು. ವೆಂಬ್ಲಿಯ ಗೆಲುವಿನ ನಂತರ ಹಂಗೇರಿಯವರು ತಮ್ಮ ಗುರುವೆಂದು ಹೆಸರಿಸಿದ್ದು ಜಿಮ್ಮಿ ಹೋಗನ್ ಎಂಬ ಲ್ಯಾಂಕಷರಿನ ತರಬೇತುದಾರನನ್ನು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಬುಡಾಪೆಸ್ಟಿನ ಎಂಟಿಕೆ ಕ್ಲಬ್ಬಿನ ಹುಡುಗರಿಗೆ ಆಟ ಕಲಿಸಿದವರು ಅವರು. ಇಟಲಿಯ ಜಿನೋವಾದಲ್ಲಿ ವಿಲಿಯಂ ಗಾರ್ಬಟ್, ಸ್ಪೇನಿನ ಬಿಲ್ಬಾವೋದಲ್ಲಿ ಫ್ರೆಡ್ ಪೆಂಟ್‌ಲೆಂಡ್ ಹೀಗೆಯೇ ಅನ್ನ ಸಂಪಾದಿಸಿದ ಇಂಗ್ಲಿಷರು. ಇಂಗ್ಲೆಂಡಿನ ಗುರುಗಳು ಯುರೋಪಿನ ತುಂಬ ಓಡಾಡಿಕೊಂಡಿದ್ದರು, ಅವರ ಶಿಷ್ಯರಿಗೆ ಇಂಗ್ಲೆಂಡಿನ ಬಾಗಿಲು ಮಾತ್ರ ತೆರೆಯಲಿಲ್ಲ. ಇಂಗ್ಲಿಷ್ ಲೀಗಿನ ಮೊದಲ ದರ್ಜೆಯ ಕ್ಲಬ್ಬಿಗೆ ಬ್ರಿಟನ್, ಐರ್ಲೆಂಡ್‌ಗಳ ಹೊರಗಿನಿಂದ ಮ್ಯಾನೇಜರ್ ಬರುವುದಕ್ಕೆ 1990 ಬೇಕಾಯಿತು, ಆಸ್ಟನ್ ವಿಲಾಕ್ಕೆ ಬಂದ ಚೆಕೊಸ್ಲೊವಾಕಿಯಾದ ಜೋಸೆಫ್ ವೆಂಗ್ಲೋಷ್ ಅವರ ಮೂಲಕ.

1978ರಲ್ಲಿ ಬೇಲಿ ಮುರಿದದ್ದು ಇಂಗ್ಲಿಷರ ಮನಸ್ಸು ಬದಲಾಗಿ ಅಲ್ಲ. ಯುರೋಪಿಯನ್ ಸಮುದಾಯದ ಕಾನೂನು ಸದಸ್ಯ ದೇಶಗಳ ಆಟಗಾರರನ್ನು ರಾಷ್ಟ್ರೀಯತೆಯ ಕಾರಣಕ್ಕೆ ಹೊರಗಿಡುವಂತಿಲ್ಲ ಎಂದಾಗ ಲೀಗ್ ಮಣಿಯಿತು. ಆದರೆ ಯುರೋಪಿಗಾಗಿ ತೆಗೆದ ಬಾಗಿಲಲ್ಲಿ ಮೊದಲಿಗೇ ಕಾಣಿಸಿಕೊಂಡವರು ಅರ್ಜೆಂಟೀನಾದ ಒಸ್ವಾಲ್ಡೊ ಆರ್ಡಿಲೆಸ್ ಮತ್ತು ರಿಕಿ ವಿಲಾ, ವಿಶ್ವಕಪ್ ಗೆದ್ದ ಬಿಸಿ ಆರುವ ಮೊದಲೇ ಟಾಟನ್‌ಹ್ಯಾಮ್ ಸೇರಿದವರು. 1995ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯದ ಬಾಸ್ಮನ್ ತೀರ್ಪು ಯುರೋಪಿನವರ ಮೇಲಿದ್ದ ಸಂಖ್ಯಾಮಿತಿಯನ್ನೂ ತೆಗೆಯಿತು. ನಾಲ್ಕು ವರ್ಷದಲ್ಲಿ ಚೆಲ್ಸಿ ತಂಡ ಒಬ್ಬ ಬ್ರಿಟಿಷನೂ ಇಲ್ಲದ ಹನ್ನೊಂದು ಮಂದಿಯೊಡನೆ ಆಟ ಶುರುಮಾಡಿತು. ಯುರೋಪಿನ ಹೊರಗಿನವರಿಗೆ ಮಾತ್ರ ಪರ್ಮಿಟ್ ಉಳಿಯಿತು, ಲೆಕ್ಕಾಚಾರದ ಹೊಸ ವೇಷದಲ್ಲಿ: ಹಿಂದಿನ ಎರಡು ವರ್ಷದಲ್ಲಿ ದೇಶದ ಪಂದ್ಯಗಳಲ್ಲಿ ಶೇ. 75ರಷ್ಟನ್ನು ಆಡಿರಬೇಕು, ಆ ದೇಶವೂ ಫಿಫಾ ಪಟ್ಟಿಯಲ್ಲಿ ಮೇಲಿರಬೇಕು.

ಈ ಲೆಕ್ಕಕ್ಕೆ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಓದುಗರಿಗೆ ಹತ್ತಿರದವರೊಬ್ಬರಿದ್ದಾರೆ. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲಿನಲ್ಲಿ ತಜಿಕಿಸ್ತಾನದ ವಿರುದ್ಧ ಹ್ಯಾಟ್ರಿಕ್ ಹೊಡೆದ ಸುನಿಲ್ ಚೆಟ್ರಿ ಮರುವರ್ಷ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಪರ್ಮಿಟ್ ಸಿಗಲಿಲ್ಲ. ಭಾರತ ಫಿಫಾ ಪಟ್ಟಿಯ ಮೊದಲ 70ರಲ್ಲಿ ಇರಲಿಲ್ಲ, ಕಾರಣ ಅಷ್ಟೇ. ಕ್ಲಬ್ ಅವರನ್ನು ನೋಡಿ, ಪರೀಕ್ಷಿಸಿ, ಬೇಕೆಂದಿತ್ತು. ಆದರೆ ಪಟ್ಟಿಗೆ ಕಂಡದ್ದು ಅವರೊಡನೆ ಆಡುವ ಉಳಿದ ಹತ್ತು ಜನ. ಮುಂದೆ ಬೆಂಗಳೂರು ಎಫ್‌ಸಿಯ ನಾಯಕರಾಗಿ ಕಂಠೀರವ ಕ್ರೀಡಾಂಗಣದಲ್ಲಿ ನಿಂತ ಆ ಮನುಷ್ಯ ದೇಶಕ್ಕಾಗಿ ತೊಂಬತ್ತಕ್ಕೂ ಹೆಚ್ಚು ಗೋಲು ಹೊಡೆದರು. ಕ್ರಿಕೆಟ್ಟಿನಲ್ಲೂ ಇದೇ ಬಗೆಯ ಕಥೆ. ಯುರೋಪಿನ ನ್ಯಾಯಾಲಯದ 2003ರ ಕೋಲ್ಪಾಕ್ ತೀರ್ಪಿನ ಬಲದಿಂದ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಕೆರಿಬಿಯನ್ ದ್ವೀಪಗಳ ಆಟಗಾರರು ಇಂಗ್ಲಿಷ್ ಕೌಂಟಿಗಳಲ್ಲಿ ಸ್ಥಳೀಯರಂತೆ ಆಡಿದರು. ಆ ದೇಶಗಳು ಯುರೋಪಿನೊಡನೆ ವ್ಯಾಪಾರ ಮತ್ತು ನೆರವಿನ ಕೊಟೊನು ಒಪ್ಪಂದ ಮಾಡಿಕೊಂಡಿದ್ದವು, ಭಾರತ ಮಾಡಿಕೊಂಡಿರಲಿಲ್ಲ. 1995ರಲ್ಲಿ ನಾರ್ಥಾಂಪ್ಟನ್‌ಷರಿಗೆ 105 ವಿಕೆಟ್ ಕಿತ್ತ ಅನಿಲ್ ಕುಂಬ್ಳೆ 2006ರಲ್ಲಿ ಸರ್ರೆಗೆ ಹೋದಾಗಲೂ ವಿದೇಶಿಯರ ಜಾಗದಲ್ಲೇ ಆಡಿದರು. ಸಕ್ಕರೆ, ಬಾಳೆಹಣ್ಣುಗಳ ವ್ಯಾಪಾರದ ಕರಾರು ಲೆಗ್‌ಸ್ಪಿನ್ನಿನ ಹಣೆಬರಹ ಬರೆಯಿತು.

ದೇಶವನ್ನು ಅಳೆಯದೆ ಗತ್ಯಂತರವಿಲ್ಲ, ಬಲಿಷ್ಠ ತಂಡದಲ್ಲಿ ಜಾಗ ಗಿಟ್ಟಿಸುವುದೇ ದೊಡ್ಡ ಪರೀಕ್ಷೆ ಎನ್ನುವವರಿದ್ದಾರೆ. 2015ರ ತಿದ್ದುಪಡಿ ಈ ವಾದವನ್ನೇ ನಂಬಿ ಮೊದಲ ಹತ್ತು ದೇಶದವನಿಗೆ ಶೇ. 30, ಮೂವತ್ತೊಂದರಿಂದ ಐವತ್ತರವರೆಗಿನವನಿಗೆ ಶೇ. 75 ಪಂದ್ಯ ಎಂದು ಮೆಟ್ಟಿಲು ಕಟ್ಟಿತು, ಐವತ್ತರ ಕೆಳಗಿನವರನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟಿತು. ಸರಾಸರಿಗೆ ಈ ತರ್ಕ ಸರಿ. ದುರ್ಬಲ ತಂಡದಲ್ಲಿ ಹುಟ್ಟಿದ ಒಬ್ಬ ಅಪರೂಪದವನಿಗೆ ಸರಾಸರಿಯೇ ಗೋಡೆ, ಪರ್ಮಿಟ್ ಪದ್ಧತಿ ಗುರುತಿಸಬೇಕಾದದ್ದು ಅವನನ್ನೇ. ಎಳೆಯ ಹುಡುಗರನ್ನು ದಲ್ಲಾಳಿಗಳಿಂದ ಕಾಯಬೇಡವೇ ಎಂಬ ಮಾತು ಬೇರೆ. ಅದಕ್ಕೆ ಹದಿನೆಂಟರೊಳಗಿನವರ ವರ್ಗಾವಣೆಗೆ ಫಿಫಾ ಹಾಕಿರುವ ನಿರ್ಬಂಧವಿದೆ, ಅದು ಇನ್ನೂ ಬಿಗಿಯಾದರೂ ನನ್ನ ತಕರಾರಿಲ್ಲ.

ಬ್ರೆಕ್ಸಿಟ್ ನಂತರ, 2021ರ ಜನವರಿಯಿಂದ, ಫ್ರಾನ್ಸಿನವನಿಗೂ ಬ್ರೆಜಿಲಿನವನಿಗೂ ಒಂದೇ ತಕ್ಕಡಿ ಬಂತು. ಹದಿನೈದು ಅಂಕ ಬೇಕು. ದೇಶದ ಪಂದ್ಯಗಳಷ್ಟೇ ಅಲ್ಲದೆ ಕ್ಲಬ್ಬಿಗೆ ಆಡಿದ ನಿಮಿಷಗಳಿಗೂ, ಆಡಿದ ಲೀಗಿನ ದರ್ಜೆಗೂ ಅಂಕ. ತರಬೇತುದಾರರೂ ಅಸೋಸಿಯೇಷನ್ನಿನ ಒಪ್ಪಿಗೆಪತ್ರ ತರಬೇಕು. ಈ ಅಳತೆ ಹಿಂದಿನದಕ್ಕಿಂತ ನ್ಯಾಯವಾದದ್ದೆಂದು ಒಪ್ಪುತ್ತೇನೆ. ಇಕ್ವೆಡಾರಿನ ಕ್ಲಬ್ಬೊಂದರಿಂದ ಮೊಯಿಸೆಸ್ ಕೈಸೆಡೊ ಎಂಬ ಹತ್ತೊಂಬತ್ತರ ಹುಡುಗ ಬ್ರೈಟನ್ನಿಗೆ ಬಂದದ್ದು ಈ ನಿಯಮ ಜಾರಿಗೆ ಬಂದ ಮರುತಿಂಗಳೇ. 2023ರಲ್ಲಿ ಇನ್ನೊಂದು ಹೆಜ್ಜೆ: ಅಂಕ ಸಾಲದ ಆಟಗಾರರನ್ನೂ ಪ್ರೀಮಿಯರ್ ಲೀಗ್ ಕ್ಲಬ್ಬೊಂದು ನಾಲ್ವರವರೆಗೆ ಕರೆತರಬಹುದು. ಎಷ್ಟು ಜಾಗ ಸಿಗುತ್ತದೆ ಎಂಬುದು ಆ ಕ್ಲಬ್ ಇಂಗ್ಲೆಂಡಿನ ಆಟಗಾರರನ್ನು ಎಷ್ಟು ನಿಮಿಷ ಮೈದಾನಕ್ಕಿಳಿಸಿದೆ ಎಂಬುದರ ಮೇಲೆ ನಿಂತಿದೆ. 1930ರಲ್ಲಿ ಯೂನಿಯನ್ ಮುಂದಿಟ್ಟ ಆತಂಕದ ಲೆಕ್ಕವನ್ನು ಈ ಸಲ ಕೇಳುತ್ತಿರುವುದು ಹೊರಗಿನಿಂದ ಬಂದವನನ್ನಲ್ಲ, ಅವನನ್ನು ಕರೆಸಿಕೊಂಡ ಧಣಿಯನ್ನು.