ಕೇಳದೆ ಬಂದ ಕಾರ್ಡು, ಕೇಳಿದರೂ ಸಿಗದ ಕಾರ್ಡು

ಅಮೆರಿಕದಲ್ಲಿ ವಿಮಾನದ ಮೈಲಿ ಕೊಡುವ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿ ‘ಅಪ್ರೂವ್ಡ್’ ಎಂದು ಕಂಡರೆ ನಮ್ಮವರಿಗೆ ಪರೀಕ್ಷೆ ಪಾಸಾದಷ್ಟು ಖುಷಿ. ಈ ಪರೀಕ್ಷೆ ಮೊದಲು ಇರಲೇ ಇಲ್ಲ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ, ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿನ ಸುಮಾರು 60,000 ಮಂದಿಗೆ ಅರ್ಜಿಯೇ ಇಲ್ಲದೆ ಅಂಚೆಯಲ್ಲಿ ಕಾರ್ಡು ಕಳಿಸಿತು. ವಂಚನೆ, ತೀರದ ಬಾಕಿ ಎರಡೂ ಬೆನ್ನಿಗೇ ಬಂದವು. ಕೇಳದವರಿಗೆ ಕಾರ್ಡು ಕಳಿಸುವುದಕ್ಕೆ ಕಾನೂನು ತಡೆ ಹಾಕಿದ್ದು 1970ರಲ್ಲಿ.

ಕೇಳಿದವರ ಪಾಡು ಬೇರೆ. ಗಂಡನ ಸಹಿ ತನ್ನಿ ಎಂದು ಹೆಂಗಸರನ್ನು ವಾಪಸು ಕಳಿಸುವ ರೂಢಿಯಿತ್ತು. ಅದನ್ನು ನಿಲ್ಲಿಸಲು 1974ರ ಕಾಯಿದೆ ಬೇಕಾಯಿತು.

1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೈಲಿ ಲೆಕ್ಕ ಶುರುಮಾಡಿತು. 1987ರಲ್ಲಿ ಸಿಟಿಬ್ಯಾಂಕ್ ಜತೆ ಸೇರಿ ಕಾರ್ಡು ತಂದಿತು: ಖರ್ಚಾದ ಡಾಲರಿಗೊಂದು ಮೈಲಿ. ಅಕ್ಕಿ ಬೇಳೆ ಕೊಂಡರೂ ವಿಮಾನಕ್ಕೆ ಹತ್ತಿರ! ಎರಡು ವರ್ಷದ ನಂತರ, 1989ರಲ್ಲಿ, ಫೈಕೊ ಸ್ಕೋರ್ ಬಂತು. ಅದು ಜಾತಿ, ಧರ್ಮ, ಹುಟ್ಟಿದ ದೇಶ, ಸಂಬಳ ಯಾವುದನ್ನೂ ನೋಡದು; ಸಾಲದ ಚರಿತ್ರೆ ಮಾತ್ರ ನೋಡುತ್ತದೆ. ನ್ಯಾಯವೇ ಸರಿ. ಆದರೆ ಆರು ತಿಂಗಳು ಹಳೆಯದಾದ ಒಂದು ಖಾತೆಯಾದರೂ ಇಲ್ಲದಿದ್ದರೆ ಸ್ಕೋರೇ ಹುಟ್ಟದು. ಪ್ರೋಗ್ರಾಂ ಬರೆಯುವ ನಮಗೆ ಗೊತ್ತು, ಸೊನ್ನೆ ಬೇರೆ, ಖಾಲಿ ಬೇರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೇಳಿ ಬೆಳೆದು, ಕಾಸು ಸಾಲವಿಲ್ಲದೆ ಬಂದಿಳಿದ ನಾವು ಆ ಖಾಲಿ ಪಟ್ಟಿಗೆ ಸೇರಿದವರು. ನಮ್ಮದೇ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಅದರ ಮೇಲೆ ಸಣ್ಣದೊಂದು ಕಾರ್ಡು ಪಡೆದು, ತಿಂಗಳು ತಿಂಗಳು ಸಾಲ ಮಾಡಿ ತೀರಿಸಿ ತೋರಿಸಬೇಕಾಯಿತು. ಬೆಂಗಳೂರಿನ ಟಿಕೆಟ್ಟಿಗೆ ಮೈಲಿ ಕೂಡಿಸುವ ಮಾತು ಬಂದದ್ದು ಅದಾದ ಮೇಲೆ.