ಒಂದೇ ನೀರಿನ ನೆರೆಹೊರೆ: ಬೀದರ್ ಸೀಮೆಯಲ್ಲಿ ಮೀನು ಕೂಡಿಸುವ ತಿಳಿವು

ಯಾವ ಮೀನಿನ ಜೊತೆ ಯಾವ ಮೀನು ಬಾಳುತ್ತದೆ ಎಂಬ ತಿಳಿವು ಬೀದರ್ ಸೀಮೆಯಲ್ಲಿ ಗಾಜಿನ ತೊಟ್ಟಿಗಿಂತ ಬಹಳ ಹಳೆಯದು. ಮೊದಲು ಅದು ಗಾಳ ಹಾಕುವವರಲ್ಲಿತ್ತು, ಆಮೇಲೆ ಕೆರೆಗೆ ಮರಿ ಬಿಡುವವರಿಗೆ ಬೇಕಾಯಿತು, ಕೊನೆಗೆ ಮನೆಯ ಪಡಸಾಲೆಗೆ ಬಂತು. ಮೂರು ಕಾಲದಲ್ಲೂ ಕೇಳಬೇಕಾದ ಪ್ರಶ್ನೆಗಳು ಇವೇ: ಮೀನಿನ ಬಾಯಿ ಎಷ್ಟು ದೊಡ್ಡದು, ಅದು ನೀರಿನ ಯಾವ ಮಟ್ಟದಲ್ಲಿ ಮೇಯುತ್ತದೆ, ಎಂಥ ನೀರು ಅದಕ್ಕೆ ಒಗ್ಗುತ್ತದೆ.

ಈ ತಿಳಿವಿನ ಹಳೆಯ ಬರಹ ಹುಟ್ಟಿದ್ದು ಇದೇ ಜಿಲ್ಲೆಯ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಗಾಳದ ಕೋಲು, ದಾರ, ಎರೆ ಇವುಗಳ ವಿವರದ ಜೊತೆಗೆ ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ಹೆಸರು ಅದರಲ್ಲಿ ಬರುತ್ತವೆ. ಕಡಲಿನವು ಮತ್ತು ಹೊಳೆಯವು, ಹುರುಪೆ ಇರುವವು ಮತ್ತು ಇಲ್ಲದವು, ದೊಡ್ಡವು ಮತ್ತು ಚಿಕ್ಕವು ಎಂದು ಅವನ್ನು ವಿಂಗಡಿಸಲಾಗಿದೆ. ಒಂದು ಬಗೆಗೆ ಹಿಟ್ಟಿನ ಉಂಡೆ, ಇನ್ನೊಂದಕ್ಕೆ ಮಾಂಸ ಎಂದು ಮೇವೂ ಬೇರೆ ಬೇರೆ. ಮೀನುವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಕುರಿತು ಪ್ರಬಂಧ ಪ್ರಕಟಿಸಿದ ಮೇಲೆ ಅದು ವಿಜ್ಞಾನದ ವಲಯಕ್ಕೂ ಪರಿಚಯವಾಯಿತು. ಮೀನನ್ನು ಅದರ ಮೈ ಮತ್ತು ಮೇವಿನಿಂದ ಗುರುತಿಸುವ ಆ ಕ್ರಮವೇ ಇಂದಿಗೂ ತೊಟ್ಟಿಗೆ ಮೀನು ಆರಿಸುವಾಗಿನ ಮೊದಲ ಹೆಜ್ಜೆ.

ಪುಸ್ತಕದ ಆಚೆಗೆ ಈ ತಿಳಿವು ಇದ್ದದ್ದು ಮಾಂಜ್ರಾ ದಂಡೆಯಲ್ಲಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಹುಟ್ಟುವ ಈ ಹೊಳೆ ಭಾಲ್ಕಿ, ಔರಾದ್, ಬೀದರ್ ತಾಲ್ಲೂಕುಗಳನ್ನು ಹಾದು ತೆಲಂಗಾಣದಲ್ಲಿ ಗೋದಾವರಿ ಸೇರುತ್ತದೆ. ಬೇಸಿಗೆಯಲ್ಲಿ ಹರಿವು ನಿಂತು ಹೊಳೆ ಮಡುಗಳಾಗಿ ಒಡೆದಾಗ, ಒಂದೇ ಮಡುವಿನಲ್ಲಿ ಸಿಕ್ಕಿಕೊಂಡ ಮೀನುಗಳಲ್ಲಿ ಯಾವುದು ಯಾವುದನ್ನು ತಿನ್ನುತ್ತದೆ ಎಂಬುದು ಬಲೆ ಹಾಕುವವರ ಕಣ್ಣೆದುರೇ ಇರುತ್ತದೆ. ಅಗಲ ಬಾಯಿಯ ಬಾಳೆ ಮೀನು ಮತ್ತು ಕೊರಮೀನು ಇರುವ ಕಡೆ ಸಣ್ಣ ಮೀನಿಗೆ ಉಳಿಗಾಲವಿಲ್ಲ. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಹೊತ್ತ ಚಿಕ್ಕ ಪಂಟಿಯಸ್ ಜಾತಿಗಳು ಮಾತ್ರ ಗುಂಪುಗೂಡಿ, ಯಾರ ತಂಟೆಗೂ ಹೋಗದೆ ಬದುಕುತ್ತವೆ. ಇವುಗಳ ಹತ್ತಿರದ ಬಂಧುಗಳನ್ನೇ ಇಂದು ಅಂಗಡಿಗಳು 'ಬಾರ್ಬ್' ಎಂದು ಮಾರುತ್ತವೆ.

ಬೀದರ್ ನಗರದ ನೀರಿನ ಕಥೆ ಬೇರೆ. ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ದಿಣ್ಣೆಯ ಮೇಲೆ. ಅದರ ಅಡಿಯಲ್ಲಿ ಕಪ್ಪು ಬಸಾಲ್ಟ್ ಬಂಡೆ. ಮಳೆನೀರು ರಂಧ್ರಗಳ ಜಂಬಿಟ್ಟಿಗೆಯಲ್ಲಿ ಇಳಿದು, ಬಸಾಲ್ಟಿಗೆ ತಾಗಿ, ಪಕ್ಕದಿಂದ ಒಸರುತ್ತದೆ. ಝರಣಿ ನರಸಿಂಹ ಗುಹೆಯ ಎದೆಮಟ್ಟದ ನೀರು ಈ ದಿಣ್ಣೆಯ ಒರತೆ. 15ನೇ ಶತಮಾನದಲ್ಲಿ ಬಹಮನಿಗಳು ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಪರ್ಷಿಯಾದ ಮಾದರಿಯಲ್ಲಿ ತೋಡಿಸಿದ ನೌಬಾದಿನ ಕರೇಜ್ ಸುರಂಗ ಹಿಡಿದಿಟ್ಟದ್ದೂ ಇಂಥ ನೀರನ್ನೇ. ಜಂಬಿಟ್ಟಿಗೆಯಲ್ಲಿ ಸುಣ್ಣದ ಅಂಶ ಕಡಿಮೆ, ಹಾಗಾಗಿ ಅದರ ನೀರು ಮೆದು. ಔರಾದ್ ಮತ್ತು ಭಾಲ್ಕಿಯ ಕರಿಮಣ್ಣಿನ ಅಡಿಯ ಬಸಾಲ್ಟಿನಿಂದ ಬರುವ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಕೊಡದ ಅಂಚಿನಲ್ಲಿ ಕಟ್ಟುವ ಬಿಳಿ ಪೊರೆಯೇ ಅದರ ಗುರುತು. ಒಂದೇ ಜಿಲ್ಲೆಯೊಳಗಿನ ಈ ಅಂತರ ಮುಂದೆ ತೊಟ್ಟಿಯ ಮೀನಿನ ಆಯ್ಕೆಯಲ್ಲೂ ಎದುರಾಗುತ್ತದೆ.

ಮೀನುಗಳನ್ನು ಲೆಕ್ಕ ಹಾಕಿ ಒಂದೇ ನೀರಿಗೆ ಬಿಡುವ ಪದ್ಧತಿ ಬೆಳೆದದ್ದು ಸ್ವಾತಂತ್ರ್ಯದ ನಂತರ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಒಡಿಶಾದ ಅಂಗುಲ್‌ನಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಹೊಳೆಯಿಂದ ಮರಿ ಹಿಡಿದು ತರುವ ಅವಲಂಬನೆ ಕ್ರಮೇಣ ತಗ್ಗಿತು. ಕಾಟ್ಲಾ ಮೇಲ್ಮಟ್ಟದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಮೂರನ್ನೂ ಒಟ್ಟಿಗೆ ಬಿಟ್ಟರೆ ಒಂದರ ಮೇವಿಗೆ ಇನ್ನೊಂದು ಅಡ್ಡಬರುವುದು ಕಡಿಮೆ. ಇದೇ ಮಿಶ್ರ ಮೀನು ಕೃಷಿ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಮಾಂಜ್ರಾದ ಉಪನದಿಗೆ ಕಟ್ಟಿದ ಕಾರಂಜಾದಂಥ ಜಲಾಶಯಗಳಿಗೂ ಊರ ಕೆರೆಗಳಿಗೂ ಮೀನುಮರಿ ಬಿತ್ತನೆ ನಡೆಯುವುದು ಈ ತತ್ತ್ವದ ಮೇಲೆ. ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹಿಮಾಚಲದ ಗೋವಿಂದ ಸಾಗರ ಉದಾಹರಣೆ. 1971ರಲ್ಲಿ ಸಾಕಣೆ ಕೇಂದ್ರದಿಂದ ತಪ್ಪಿಸಿಕೊಂಡ ಸಿಲ್ವರ್ ಕಾರ್ಪ್, ತನ್ನಂತೆಯೇ ಮೇಲ್ಮಟ್ಟದಲ್ಲಿ ಮೇಯುವ ಕಾಟ್ಲಾವನ್ನು ಅಲ್ಲಿ ಹಿಂದಕ್ಕೆ ತಳ್ಳಿತು. ಈ ಮೀನು ಕೃಷಿಯ ಓದಿಗೂ ಬೀದರಿಗೂ ನಂಟಿದೆ: 2005ರಿಂದ ಇಲ್ಲಿನ ನಂದಿನಗರದಲ್ಲಿ ನೆಲೆ ನಿಂತಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿಯೇ 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜೂ ಇದೆ.

ಅಲಂಕಾರದ ಮೀನು ಹಳ್ಳಿಗಳಿಗೆ ಬಂದದ್ದು ಬೇರೊಂದು ದಾರಿಯಿಂದ. ಮಲೇರಿಯಾ ತಡೆಯಲು, ಸೊಳ್ಳೆಯ ಮರಿಹುಳು ತಿನ್ನುವ ಗಪ್ಪಿಯನ್ನು 20ನೇ ಶತಮಾನದ ಆರಂಭದಲ್ಲಿಯೂ ಗ್ಯಾಂಬೂಸಿಯಾವನ್ನು 1928ರಲ್ಲಿಯೂ ಭಾರತಕ್ಕೆ ತರಲಾಯಿತು. ಬಾವಿ, ತೊಟ್ಟಿಗಳಿಗೆ ಅವನ್ನು ಬಿಡುವ ಕೆಲಸವನ್ನು ಆರೋಗ್ಯ ಇಲಾಖೆ ಇಂದಿಗೂ ಮಾಡುತ್ತದೆ. ಎರಡೂ ನೋಡಲು ಒಂದೇ ತರಹ ಕಂಡರೂ ಗ್ಯಾಂಬೂಸಿಯಾ ಜಗಳಗಂಟ, ಜೊತೆಗಿರುವ ಮೀನಿನ ರೆಕ್ಕೆ ಕಚ್ಚಿ ಹರಿಯುತ್ತದೆ. ಬಾವಿಯಿಂದ ಹಿಡಿದದ್ದನ್ನು ಗಪ್ಪಿ ಎಂದೇ ತೊಟ್ಟಿಗೆ ಸೇರಿಸಿದರೆ ಉಳಿದ ಮೀನುಗಳಿಗೆ ಕಷ್ಟ.

ಗಾಜಿನ ತೊಟ್ಟಿಯ ಹವ್ಯಾಸ ಹುಟ್ಟಿದ್ದು 1850ರ ದಶಕದ ಇಂಗ್ಲೆಂಡಿನಲ್ಲಿ. ಲಂಡನ್ ಮೃಗಾಲಯದ ಮೀನುಮನೆ 1853ರಲ್ಲಿ ತೆರೆಯಿತು. ಮುಂದೆ ಆ ತೊಟ್ಟಿಗಳಿಗೆ ಸೇರಿದ ಜೀಬ್ರಾ ಡ್ಯಾನಿಯೊ ಮತ್ತು ರೋಸಿ ಬಾರ್ಬ್ ಭಾರತದವೇ. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಗಂಗೆಯ ಮೀನುಗಳ ಗ್ರಂಥದಲ್ಲಿ ಅವನ್ನು ವರ್ಣಿಸಿದ್ದ. ಮುಂಬಯಿಯ ತಾರಾಪೊರೆವಾಲಾ ಮತ್ಸ್ಯಾಲಯ ಬಂದದ್ದು 1951ರಲ್ಲಿ. ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಮೆತ್ತಿ ಕೂರಿಸುತ್ತಿದ್ದ ಗಾಜು ಸಿಲಿಕೋನ್ ಅಂಟು ಬಂದ ಮೇಲೆ ಅಗ್ಗವಾಗಿ, ತೊಟ್ಟಿ ಸಣ್ಣ ಊರುಗಳ ಮನೆಗಳಿಗೂ ನಿಲುಕಿತು. ಚೆನ್ನೈನ ಕೊಳತ್ತೂರಿನಂಥ ಕಡೆ ಬೆಳೆಸಿದ ಮೀನುಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ದೂರದ ಊರುಗಳಿಗೆ ಹೋಗುತ್ತವೆ.

ಎರಡಡಿ ಉದ್ದ, ಒಂದಡಿ ಅಗಲ, ಸುಮಾರು 55 ಲೀಟರಿನ ಹೊಸ ತೊಟ್ಟಿಯಲ್ಲಿ ಕೆರೆಯ ಮೂರು ಮಟ್ಟಗಳ ಲೆಕ್ಕವೇ ಚಿಕ್ಕದಾಗಿ ಮರಳುತ್ತದೆ. ಮೇಲೆ ಆರು ಜೀಬ್ರಾ ಡ್ಯಾನಿಯೊ, ನಡುವೆ ಕೆಲವು ಪ್ಲ್ಯಾಟಿ, ತಳದಲ್ಲಿ ನಾಲ್ಕೈದು ಕೋರಿಡೋರಾಸ್ ಹೊಂದಿ ಬಾಳುತ್ತವೆ. ಗಡಸು ನೀರಿನ ಔರಾದ್, ಭಾಲ್ಕಿಯಲ್ಲಿ ಗಪ್ಪಿ, ಮೋಲಿ, ಪ್ಲ್ಯಾಟಿ ಸಲೀಸು. ಮೆದು ನೀರಿರುವಲ್ಲಿ ಟೆಟ್ರಾ ಚೆನ್ನ. ಏಂಜಲ್ ಬೆಳೆದ ಮೇಲೆ ನಿಯಾನ್ ಟೆಟ್ರಾವನ್ನು ನುಂಗುತ್ತದೆ, ಟೈಗರ್ ಬಾರ್ಬ್ ಏಂಜಲಿನ ಉದ್ದ ರೆಕ್ಕೆ ಹರಿಯುತ್ತದೆ, ಎರಡು ಗಂಡು ಫೈಟರ್‌ಗಳು ಒಂದೆಡೆ ಇರಲಾರವು. ತಂಪು ನೀರಿನ ಗೋಲ್ಡ್ ಫಿಶ್‌ಗೆ ಬೀದರಿನ 40 ಡಿಗ್ರಿ ಮೀರುವ ಬೇಸಿಗೆ ಭಾರ. ನೀರು ಕಾದಷ್ಟೂ ಆಮ್ಲಜನಕ ಇಳಿಯುವುದರಿಂದ ಆಗ ಏರ್ ಪಂಪ್ ನಿಲ್ಲಬಾರದು, ಮೀನಿನ ಸಂಖ್ಯೆಯೂ ಹೆಚ್ಚಿರಬಾರದು. ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಶೋಧಕದಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿನ ಹಿಕ್ಕೆಯಿಂದ ಹುಟ್ಟುವ ಅಮೋನಿಯಾ ವಿಷ. ಹಾಗಾಗಿ ಗಟ್ಟಿ ಜಾತಿಯ ಎರಡು ಮೂರರಿಂದ ಶುರುಮಾಡಿ, ಹೊಸದನ್ನು ಎರಡು ವಾರ ಬೇರೆಯೇ ಇಟ್ಟು ನೋಡಿ ಸೇರಿಸುವುದು ರೂಢಿ.

ಪಾಚಿ ತಿನ್ನಲೆಂದು ಬೆರಳುದ್ದ ಇದ್ದಾಗ ಕೊಳ್ಳುವ ಸಕ್ಕರ್ ಮೀನು ಒಂದಡಿಗೂ ಮೀರಿ ಬೆಳೆದು ತೊಟ್ಟಿಗೆ ಹಿಡಿಸದಾಗುತ್ತದೆ. ಅದನ್ನು ಹೊಳೆಗೋ ಕೆರೆಗೋ ಬಿಡುವ ಅಭ್ಯಾಸದಿಂದ ಭಾರತದ ಹಲವು ನೀರುಗಳಲ್ಲಿ ಅದೀಗ ನೆಲೆಯೂರಿದೆ. ತೊಟ್ಟಿಗೆ ಹೊಂದದ ಮೀನು ಮಾಂಜ್ರಾ, ಕಾರಂಜಾಗಳಿಗೂ ಹೊಂದುವುದಿಲ್ಲ; ಅದನ್ನು ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಬೇಕು.