ಸೋಮಾರಿಯಲ್ಲದ ಕಣ್ಣು

ಇಂಗ್ಲಿಷಿನ 'ಲೇಜಿ ಐ' ಕನ್ನಡಕ್ಕೆ ಬಂದು 'ಸೋಮಾರಿ ಕಣ್ಣು' ಆಗಿದೆ. ವೈದ್ಯರು ಬಳಸುವ 'ಆಂಬ್ಲಿಯೋಪಿಯಾ' ಎಂಬ ಗ್ರೀಕ್ ಮೂಲದ ಪದಕ್ಕೆ ಮೊಂಡಾದ ನೋಟ ಎಂದಷ್ಟೇ ಅರ್ಥ, ಅದರಲ್ಲಿ ಬೈಗುಳವಿಲ್ಲ. ಈ ಕಾಯಿಲೆಯ ಇತಿಹಾಸ ಓದುತ್ತ ಹೋದಂತೆ, ಸೋಮಾರಿತನದ ಆರೋಪ ಕಣ್ಣಿನ ಮೇಲೆ ಸುಮ್ಮನೆ ಬಂದಿದೆ ಎಂದು ನನಗೆ ಅನ್ನಿಸಿತು.

1743ರಲ್ಲಿ ಫ್ರಾನ್ಸಿನ ಪ್ರಕೃತಿ ವಿಜ್ಞಾನಿ ಬ್ಯೂಫೋನ್ ಮೆಳ್ಳೆಗಣ್ಣಿನ ಕಾರಣಗಳ ಬಗ್ಗೆ ಒಂದು ಪ್ರಬಂಧ ಬರೆದ. ಎರಡು ಕಣ್ಣುಗಳ ಬಲ ಸಮನಾಗಿಲ್ಲದಿದ್ದಾಗ ದುರ್ಬಲ ಕಣ್ಣು ಪಕ್ಕಕ್ಕೆ ಸರಿಯುತ್ತದೆ ಎಂಬುದು ಅವನ ವಾದ. ಅವನು ಹೇಳಿದ ಮದ್ದು ಸರಳ: ಚೆನ್ನಾಗಿರುವ ಕಣ್ಣನ್ನು ಕೆಲಕಾಲ ಮುಚ್ಚಿ, ದುರ್ಬಲ ಕಣ್ಣಿಗೆ ಕೆಲಸ ಕೊಡಿ. ಈ ಮದ್ದು ಯಾಕೆ ಫಲಿಸುತ್ತದೆ ಎಂದು ತಿಳಿಯಲು ಮತ್ತೆ ಇನ್ನೂರಕ್ಕೂ ಹೆಚ್ಚು ವರ್ಷ ಬೇಕಾದವು.

1960ರ ದಶಕದಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ಕೆಲವು ವಾರಗಳ ನಂತರ ಬಿಚ್ಚಿದರು. ಕಣ್ಣು ಕೆಟ್ಟಿರಲಿಲ್ಲ. ಆದರೆ ಮಿದುಳಿನಲ್ಲಿ ಆ ಕಣ್ಣಿಗೆ ಓಗೊಡುವ ಜೀವಕೋಶಗಳು ಬಹಳ ಕಡಿಮೆ ಉಳಿದಿದ್ದವು. ಅವುಗಳ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿತ್ತು. ದೊಡ್ಡ ಬೆಕ್ಕಿನ ಕಣ್ಣನ್ನು ಹೀಗೆಯೇ ಮುಚ್ಚಿದರೆ ಇಂಥ ಹಾನಿ ಆಗಲಿಲ್ಲ. ನೋಡುವುದನ್ನು ಮಿದುಳು ಎಳವೆಯಲ್ಲೇ ಕಲಿಯಬೇಕು ಎಂದು ಇದರಿಂದ ಗೊತ್ತಾಯಿತು. ದೃಷ್ಟಿಯ ಕುರಿತ ಅವರ ಸಂಶೋಧನೆಗೆ 1981ರಲ್ಲಿ ನೊಬೆಲ್ ಬಂತು. ನಮ್ಮ ಆರೋಪಕ್ಕೂ ಅಲ್ಲೇ ಉತ್ತರ ಸಿಕ್ಕಿತು: ಕಣ್ಣು ಸುದ್ದಿ ಕಳಿಸುತ್ತಲೇ ಇರುತ್ತದೆ, ಮಿದುಳು ಅದನ್ನು ಕೇಳಿಸಿಕೊಳ್ಳುವುದನ್ನು ಬಿಟ್ಟಿರುತ್ತದೆ.

ಮಕ್ಕಳಲ್ಲಿ ಇದಕ್ಕೆ ಮುಖ್ಯ ಕಾರಣಗಳು ಮೆಳ್ಳೆಗಣ್ಣು, ಎರಡು ಕಣ್ಣುಗಳ ಪವರಿನಲ್ಲಿರುವ ದೊಡ್ಡ ವ್ಯತ್ಯಾಸ, ಅಪರೂಪಕ್ಕೆ ಹುಟ್ಟಿನಿಂದ ಬಂದ ಪೊರೆ. ಮೆಳ್ಳೆಗಣ್ಣಾದರೆ ಮನೆಯವರಿಗೆ ಕಾಣುತ್ತದೆ. ಪವರಿನ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಮಗುವೂ ದೂರು ಹೇಳುವುದಿಲ್ಲ. ಒಂದು ಕಣ್ಣು ಚೆನ್ನಾಗಿ ಕಾಣುವಾಗ ಜಗತ್ತು ಹೀಗೆಯೇ ಇರುತ್ತದೆ ಎಂದುಕೊಂಡು ಆಡುತ್ತ, ಓದುತ್ತ ಬೆಳೆಯುತ್ತದೆ.

ಇಂಥ ಮಕ್ಕಳು ಎಷ್ಟು? 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಶೇ. 1.75 ಎಂದಿತು, 2020ರ ಇನ್ನೊಂದು ಶೇ. 1.44 ಎಂದಿತು. ಮೊದಲನೆಯದರ ಪ್ರಕಾರ ಯುರೋಪಿನಲ್ಲಿ ಶೇ. 3.67, ಆಫ್ರಿಕಾದಲ್ಲಿ ಶೇ. 0.51. ಸಂಖ್ಯೆಗಳು ಹೀಗೆ ಏರಿಳಿಯಲು ಜನಾಂಗ, ಪವರಿನ ದೋಷಗಳ ಜೊತೆಗೆ ಪರೀಕ್ಷೆಯ ವಿಧಾನವೂ ಕಾರಣ. ದೃಷ್ಟಿ ಎಷ್ಟು ಕಡಿಮೆಯಾದರೆ ಕಾಯಿಲೆ ಎನ್ನಬೇಕು ಎಂಬ ಗೆರೆಯನ್ನು ಎಲ್ಲರೂ ಒಂದೇ ಕಡೆ ಎಳೆಯುವುದಿಲ್ಲ. ಶೇ. ಒಂದೂವರೆ ಎಂದರೆ ಕಡಿಮೆ ಅನ್ನಿಸಬಹುದು. ಇನ್ನೂರು ಮಕ್ಕಳಿರುವ ಶಾಲೆಯಲ್ಲಿ ಅದು ಮೂರು ಮಕ್ಕಳು.

ಸ್ವೀಡನ್ನಿನ ಅನುಭವ ಈ ಲೆಕ್ಕಕ್ಕೆ ಇನ್ನೊಂದು ಅರ್ಥ ಕೊಡುತ್ತದೆ. ಅಲ್ಲಿ ನಾಲ್ಕು ವರ್ಷದ ಮಕ್ಕಳೆಲ್ಲರ ಕಣ್ಣನ್ನು ಪರೀಕ್ಷಿಸುವ ಪದ್ಧತಿ ಬಂದ ಮೇಲೆ ತೀವ್ರ ಸ್ವರೂಪದ ಆಂಬ್ಲಿಯೋಪಿಯಾ ಶೇ. 2ರಿಂದ ಶೇ. 0.2ಕ್ಕೆ ಇಳಿಯಿತು. ಹುಟ್ಟುವ ಮಕ್ಕಳು ಬದಲಾಗಿರಲಿಲ್ಲ, ಅವರನ್ನು ಹೊತ್ತಿಗೆ ಸರಿಯಾಗಿ ನೋಡುವವರಿದ್ದರು. ನಮ್ಮಲ್ಲಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳ ಮಕ್ಕಳ ತಪಾಸಣೆಯಲ್ಲಿ ದೃಷ್ಟಿದೋಷವೂ ಸೇರಿದೆ. ಆದರೆ ಮೆಳ್ಳೆಗಣ್ಣು ಅದೃಷ್ಟ, ದೊಡ್ಡವರಾದಂತೆ ತಾನೇ ಸರಿಹೋಗುತ್ತದೆ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಹೀಗೆ ಕಾಯುವ ವರ್ಷಗಳೇ ಚಿಕಿತ್ಸೆಗೆ ಅತ್ಯಂತ ಬೆಲೆಯುಳ್ಳವು.

ಚಿಕಿತ್ಸೆ ಇಂದಿಗೂ ಬ್ಯೂಫೋನನ ದಾರಿಯಲ್ಲೇ ಇದೆ: ಅಗತ್ಯವಿದ್ದರೆ ಕನ್ನಡಕ, ಆಮೇಲೆ ಒಳ್ಳೆಯ ಕಣ್ಣಿಗೆ ಪಟ್ಟಿ. ಮಧ್ಯಮ ಪ್ರಮಾಣದ ತೊಂದರೆಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಹಾಕಿದರೂ ಆರು ಗಂಟೆ ಹಾಕಿದಷ್ಟೇ ಪ್ರಯೋಜನ ಎಂದು 2003ರ ಅಮೆರಿಕದ ಪ್ರಯೋಗವೊಂದು ತೋರಿಸಿತು. ಏಳು ವರ್ಷ ದಾಟಿದ ಮಕ್ಕಳಲ್ಲೂ ಕೆಲವರಿಗೆ ಗುಣ ಕಂಡಿದೆ, ಹಾಗಾಗಿ ತಡವಾಯಿತೆಂದು ಕೈಚೆಲ್ಲಬೇಕಿಲ್ಲ. ಆದರೂ ಶಾಲೆಗೆ ಸೇರಿಸುವ ಮೊದಲು ಮಗುವಿನ ಎರಡೂ ಕಣ್ಣುಗಳನ್ನು ಬೇರೆ ಬೇರೆಯಾಗಿ ಒಮ್ಮೆ ಪರೀಕ್ಷೆ ಮಾಡಿಸುವುದು ಎಲ್ಲಕ್ಕಿಂತ ಸುಲಭದ ಕೆಲಸ.